ಛೇದ ಹೆಸರು, ಅಂಶ ಎಣಿಕೆ: ಭಿನ್ನರಾಶಿಗಳ ನಾಲ್ಕು ಲೆಕ್ಕಗಳು

ಪೂರ್ಣಸಂಖ್ಯೆಗಳನ್ನು ತಡವರಿಸದೆ ಕೂಡಿ ಕಳೆಯುವವರೂ 5/12 ಮತ್ತು 7/18 ಎದುರಾದೊಡನೆ ಕೈ ಹಿಂದೆಗೆಯುವುದುಂಟು. ಕೂಡುವಾಗ ಛೇದಗಳನ್ನು ಸಮ ಮಾಡಬೇಕು, ಗುಣಿಸುವಾಗ ಮಾಡಬೇಕಾಗಿಲ್ಲ, ಭಾಗಿಸುವಾಗ ಎರಡನೆಯದನ್ನು ತಲೆಕೆಳಗು ಮಾಡಬೇಕು ಎಂದು ನಿಯಮಗಳನ್ನು ಬಿಡಿಬಿಡಿಯಾಗಿ ಬಾಯಿಪಾಠ ಮಾಡಿಕೊಂಡವರಿಗೆ ಕೆಲವು ವರ್ಷಗಳ ನಂತರ ಯಾವ ನಿಯಮ ಯಾವ ಲೆಕ್ಕಕ್ಕೆ ಸೇರಿದ್ದೆಂಬುದೇ ಕಲಸಿಹೋಗುತ್ತದೆ. ಈ ನಿಯಮಗಳೆಲ್ಲ ಒಂದೇ ಮಾತಿನಿಂದ ಹೊರಡುತ್ತವೆ: ಛೇದವು ತುಂಡಿನ ಹೆಸರು, ಅಂಶವು ಆ ಹೆಸರಿನ ತುಂಡುಗಳ ಎಣಿಕೆ. ಇದನ್ನು ಹಿಡಿದುಕೊಂಡರೆ ಮರೆತ ನಿಯಮವನ್ನು ಕಾಗದದ ಮೇಲೆ ಮತ್ತೆ ಕಟ್ಟಿಕೊಳ್ಳಬಹುದು. ಆದ್ದರಿಂದ ಈ ಬರಹದಲ್ಲಿ ನಿಯಮಕ್ಕಿಂತ ಮೊದಲು ಅದರ ಕಾರಣವನ್ನು ಹೇಳುತ್ತ ಹೋಗಿದ್ದೇನೆ.

ಗೆರೆಯ ಮೇಲಿನದು, ಗೆರೆಯ ಕೆಳಗಿನದು

3/4 ಎಂಬ ಭಿನ್ನರಾಶಿಯಲ್ಲಿ ಗೆರೆಯ ಮೇಲಿರುವ 3 ಅಂಶ, ಕೆಳಗಿರುವ 4 ಛೇದ. ಛೇದ ಎಂದರೆ ಕತ್ತರಿಸುವುದು ಎಂಬ ಅರ್ಥವಿರುವುದರಿಂದ ಹೆಸರೇ ಕೆಲಸವನ್ನು ಹೇಳುತ್ತದೆ: ಇಡಿಯಾದ ಒಂದನ್ನು ಎಷ್ಟು ಸಮಪಾಲುಗಳಾಗಿ ಕತ್ತರಿಸಿದ್ದೇವೆ ಎಂಬುದು ಛೇದ, ಅವುಗಳಲ್ಲಿ ಎಷ್ಟನ್ನು ತೆಗೆದುಕೊಂಡಿದ್ದೇವೆ ಎಂಬುದು ಅಂಶ. ನಾವು ದಿನವೂ ಆಡುವ 'ಮುಕ್ಕಾಲು' ಎಂಬ ಮಾತನ್ನು ಬಿಡಿಸಿ ನೋಡಿದರೆ ಮೂರು ಕಾಲು ಎಂದಾಗುತ್ತದೆ. ಅದರಲ್ಲಿ 'ಕಾಲು' ತುಂಡಿನ ಹೆಸರು, 'ಮೂರು' ಅದರ ಎಣಿಕೆ. 3/4ರ ಅಂಶ ಮತ್ತು ಛೇದ ಎರಡೂ ಆ ಒಂದೇ ಪದದೊಳಗೆ ಕುಳಿತಿವೆ. ಉಳಿದ ಭಿನ್ನರಾಶಿಗಳನ್ನೂ ಹೀಗೆಯೇ ಓದುವುದು ಒಳ್ಳೆಯ ಅಭ್ಯಾಸ. 5/8 ಎಂಬುದನ್ನು 'ಐದು ಬೈ ಎಂಟು' ಎಂದು ಓದುವ ಬದಲು 'ಎಂಟನೇ ಐದು ಭಾಗ' ಎಂದು ಓದಿದರೆ, ಎಂಟನೇ ಭಾಗ ಎಂಬ ಹೆಸರಿನ ತುಂಡುಗಳು ಐದಿವೆ ಎಂಬ ಚಿತ್ರ ಮನಸ್ಸಿಗೆ ತಾನಾಗಿ ಬರುತ್ತದೆ.

ಛೇದ ದೊಡ್ಡದಾದಷ್ಟೂ ತುಂಡು ಚಿಕ್ಕದಾಗುತ್ತದೆ. ಒಂದನ್ನು ಮೂರು ಪಾಲು ಮಾಡಿದಾಗ ಸಿಗುವ ತುಂಡಿಗಿಂತ ಹತ್ತು ಪಾಲು ಮಾಡಿದಾಗ ಸಿಗುವ ತುಂಡು ಸಣ್ಣದು, ಆದ್ದರಿಂದ 1/10 ಎಂಬುದು 1/3ಕ್ಕಿಂತ ಕಡಿಮೆ. ಛೇದದಲ್ಲಿ ಸೊನ್ನೆ ಬರುವಂತಿಲ್ಲ, ಏಕೆಂದರೆ ಸೊನ್ನೆ ಪಾಲುಗಳಾಗಿ ಕತ್ತರಿಸುವುದು ಎಂಬ ಕೆಲಸವೇ ಇಲ್ಲ. ಯಾವ ಪೂರ್ಣಸಂಖ್ಯೆಯನ್ನಾದರೂ 1ನ್ನು ಛೇದವಾಗಿಟ್ಟು ಬರೆಯಬಹುದು: 7 ಎಂದರೆ 7/1.

ಅಂಶವು ಛೇದಕ್ಕಿಂತ ಚಿಕ್ಕದಾಗಿದ್ದರೆ ಸಮ ಭಿನ್ನರಾಶಿ, ಛೇದಕ್ಕೆ ಸಮನಾಗಿದ್ದರೆ ಅಥವಾ ಅದಕ್ಕಿಂತ ದೊಡ್ಡದಾಗಿದ್ದರೆ ವಿಷಮ ಭಿನ್ನರಾಶಿ. 31/12ರಂಥ ವಿಷಮ ಭಿನ್ನರಾಶಿಯಲ್ಲಿ 31ನ್ನು 12ರಿಂದ ಭಾಗಿಸಿದರೆ ಭಾಗಲಬ್ಧ 2, ಶೇಷ 7. ಅಂದರೆ ಎರಡು ಪೂರ್ಣ, ಮೇಲೆ ಹನ್ನೆರಡನೇ ಏಳು ಭಾಗ. ಇದು ಮಿಶ್ರ ಭಿನ್ನರಾಶಿ. ಪಠ್ಯಗಳಲ್ಲಿ ಪೂರ್ಣಾಂಕವನ್ನೂ ಭಿನ್ನರಾಶಿಯನ್ನೂ ಒತ್ತಾಗಿ ಅಕ್ಕಪಕ್ಕ ಬರೆಯುತ್ತಾರೆ. ಅವುಗಳ ನಡುವೆ ಕೂಡುವ ಚಿಹ್ನೆಯೊಂದು ಅಡಗಿದೆ ಎಂಬುದು ಮರೆಯದಿರಲೆಂದು ಇಲ್ಲಿ ಅದನ್ನು '2 ಮತ್ತು 7/12' ಎಂದೇ ಬರೆಯುತ್ತೇನೆ. ಮುಂದೆ ಬೀಜಗಣಿತದಲ್ಲಿ ಎರಡನ್ನು ಒತ್ತಾಗಿ ಬರೆದರೆ ಗುಣಿಸು ಎಂದು ಅರ್ಥ; ಆ ಗೊಂದಲದ ಬೀಜ ಇಲ್ಲಿಯೇ ಇದೆ. ಮಿಶ್ರವನ್ನು ಮರಳಿ ವಿಷಮವಾಗಿಸಲು ಪೂರ್ಣಾಂಕವನ್ನು ಛೇದದಿಂದ ಗುಣಿಸಿ ಅಂಶವನ್ನು ಕೂಡಬೇಕು: 2 × 12 + 7 = 31.

ಬೆಲೆ ಬದಲಿಸದೆ ಹೆಸರು ಬದಲಿಸುವುದು

ಉದ್ದನೆಯ ಕಾಗದದ ಪಟ್ಟಿಯೊಂದನ್ನು ತೆಗೆದುಕೊಂಡು ನಾಲ್ಕು ಸಮಪಾಲುಗಳಾಗಿ ಮಡಚಿ, ಬಿಚ್ಚಿ, ಮೂರು ಪಾಲುಗಳಿಗೆ ಬಣ್ಣ ಹಚ್ಚಿರಿ. ಬಣ್ಣದ ಭಾಗ 3/4. ಈಗ ಪ್ರತಿಯೊಂದು ಪಾಲನ್ನೂ ನಡುವೆ ಮತ್ತೆ ಮಡಚಿದರೆ ಪಟ್ಟಿಯಲ್ಲಿ ಎಂಟು ಪಾಲುಗಳಾಗುತ್ತವೆ, ಬಣ್ಣವಿರುವವು ಆರಾಗುತ್ತವೆ. ಬಣ್ಣದ ಭಾಗ ಒಂದಿಷ್ಟೂ ಹೆಚ್ಚಾಗಿಲ್ಲ, ಕಡಿಮೆಯೂ ಆಗಿಲ್ಲ. ತುಂಡುಗಳು ಅರ್ಧದಷ್ಟಾದವು, ಎಣಿಕೆ ಎರಡು ಪಟ್ಟಾಯಿತು. ಆದ್ದರಿಂದ 3/4 = 6/8. ಅಂಶ ಮತ್ತು ಛೇದ ಎರಡನ್ನೂ ಸೊನ್ನೆಯಲ್ಲದ ಒಂದೇ ಸಂಖ್ಯೆಯಿಂದ ಗುಣಿಸಿದರೆ ಅಥವಾ ಭಾಗಿಸಿದರೆ ಬೆಲೆ ಬದಲಾಗುವುದಿಲ್ಲ. ಹೀಗೆ ಸಿಗುವವೇ ಸಮಾನ ಭಿನ್ನರಾಶಿಗಳು. ಎರಡಕ್ಕೂ ಒಂದೇ ಸಂಖ್ಯೆಯನ್ನು ಕೂಡಿದರೆ ಮಾತ್ರ ಈ ಸಮಾನತೆ ಉಳಿಯುವುದಿಲ್ಲ. 1/2ರ ಮೇಲೆ ಕೆಳಗೆ ಮೂರು ಮೂರು ಕೂಡಿದರೆ 4/5 ಆಗುತ್ತದೆ, ಅದು ಅರ್ಧಕ್ಕಿಂತ ಸಾಕಷ್ಟು ಹೆಚ್ಚು.

ಭಾಗಿಸುತ್ತ ಹೋಗುವುದಕ್ಕೆ ಸಂಕ್ಷೇಪಿಸುವುದು ಎನ್ನುತ್ತಾರೆ. 84/126ರಲ್ಲಿ ಎರಡೂ ಸಮಸಂಖ್ಯೆಗಳಾದ್ದರಿಂದ ಮೊದಲು 42/63, ಮೂರರಿಂದ ಭಾಗಿಸಿದರೆ 14/21, ಏಳರಿಂದ ಭಾಗಿಸಿದರೆ 2/3. ಇನ್ನು ಮುಂದೆ 1ನ್ನು ಬಿಟ್ಟು ಬೇರೆ ಸಾಮಾನ್ಯ ಅಪವರ್ತನವಿಲ್ಲ, ಆದ್ದರಿಂದ ಇದೇ ಅತ್ಯಂತ ಸಂಕ್ಷಿಪ್ತ ರೂಪ. ಸಂಖ್ಯೆಗಳು ಚಿಕ್ಕವಾಗಿದ್ದಾಗ ಹೀಗೆ ಎರಡು, ಮೂರು, ಐದು, ಏಳು ಎಂದು ಪರೀಕ್ಷಿಸುತ್ತ ಹೋಗುವುದು ಸಾಕು. ಆದರೆ 391/493ರಂಥದ್ದು ಬಂದರೆ ಈ ದಾರಿಯಲ್ಲಿ ಬೇಗ ಸೋಲುತ್ತೇವೆ. ಎರಡು, ಮೂರು, ಐದು, ಏಳು, ಹನ್ನೊಂದು, ಹದಿಮೂರು ಯಾವುದೂ ಹೊಂದುವುದಿಲ್ಲ, ಇದನ್ನು ಸಂಕ್ಷೇಪಿಸಲು ಆಗುವುದೇ ಇಲ್ಲವೆಂದು ಕೈಬಿಡುವವರೇ ಹೆಚ್ಚು. ಇಂಥ ಕಡೆ 2,000 ವರ್ಷಗಳಿಗೂ ಹಿಂದಿನ ಗ್ರೀಕ್ ಗಣಿತಜ್ಞ ಯೂಕ್ಲಿಡ್ ಬರೆದಿಟ್ಟ ಕ್ರಮ ಕೈಹಿಡಿಯುತ್ತದೆ. ದೊಡ್ಡದನ್ನು ಚಿಕ್ಕದರಿಂದ ಭಾಗಿಸಿ ಶೇಷವನ್ನು ಇಟ್ಟುಕೊಳ್ಳಬೇಕು, ಆ ಶೇಷದಿಂದ ಹಿಂದಿನ ಭಾಜಕವನ್ನು ಭಾಗಿಸಬೇಕು, ಶೇಷ ಸೊನ್ನೆಯಾಗುವವರೆಗೆ ಹೀಗೆಯೇ ಮುಂದುವರಿಸಬೇಕು. 493ನ್ನು 391ರಿಂದ ಭಾಗಿಸಿದರೆ ಶೇಷ 102. 391ನ್ನು 102ರಿಂದ ಭಾಗಿಸಿದರೆ ಶೇಷ 85. 102ನ್ನು 85ರಿಂದ ಭಾಗಿಸಿದರೆ ಶೇಷ 17. 85ನ್ನು 17 ಸರಿಯಾಗಿ ಐದು ಬಾರಿ ಭಾಗಿಸುತ್ತದೆ, ಶೇಷವಿಲ್ಲ. ಕೊನೆಯ ಭಾಜಕವಾದ 17 ಇವೆರಡರ ಮಹತ್ತಮ ಸಾಮಾನ್ಯ ಅಪವರ್ತನ, ಅಂದರೆ ಮ.ಸಾ.ಅ. ಎರಡನ್ನೂ ಅದರಿಂದ ಭಾಗಿಸಿದರೆ 23/29.

ಸಂಕ್ಷೇಪಿಸುವಾಗ ಹೊಡೆದುಹಾಕುವುದು ಸಾಮಾನ್ಯ ಅಪವರ್ತನವನ್ನು, ಕಣ್ಣಿಗೆ ಒಂದೇ ರೀತಿ ಕಾಣುವ ಅಂಕಿಯನ್ನಲ್ಲ. 16/64ರಲ್ಲಿ ಮೇಲಿನ 6ನ್ನೂ ಕೆಳಗಿನ 6ನ್ನೂ ಹೊಡೆದರೆ 1/4 ಉಳಿಯುತ್ತದೆ, ವಿಚಿತ್ರವೆಂದರೆ ಉತ್ತರ ಸರಿಯೇ! 19/95, 26/65, 49/98 ಕೂಡ ಹೀಗೆ ಆಕಸ್ಮಿಕವಾಗಿ ಸರಿಹೋಗುತ್ತವೆ. ತಪ್ಪು ದಾರಿಯಲ್ಲಿಯೂ ಒಮ್ಮೊಮ್ಮೆ ಸರಿಯುತ್ತರ ಸಿಗುತ್ತದೆ ಎಂಬುದಕ್ಕೆ ಇವು ಚೆಂದದ ಉದಾಹರಣೆಗಳು. ಅದೇ ಕೈಚಳಕವನ್ನು 13/36ರ ಮೇಲೆ ನಡೆಸಿದರೆ 1/6 ಬರುತ್ತದೆ, ಅದು ಶುದ್ಧ ತಪ್ಪು.

ಎರಡು ಭಿನ್ನರಾಶಿಗಳಲ್ಲಿ ಯಾವುದು ದೊಡ್ಡದೆಂದು ತಿಳಿಯುವುದಕ್ಕೂ ಇದೇ ಹೆಸರು ಬದಲಿಸುವ ಉಪಾಯ ಸಾಕು. 5/8 ಮತ್ತು 7/11 ಎರಡನ್ನೂ ಎಂಬತ್ತೆಂಟನೇ ಭಾಗಗಳಲ್ಲಿ ಹೇಳಿದರೆ 55/88 ಮತ್ತು 56/88; ಕೂದಲೆಳೆಯಷ್ಟು ಅಂತರದಲ್ಲಿ 7/11 ದೊಡ್ಡದು.

ಕೂಡುವುದು

ಏಳನೇ ಎರಡು ಭಾಗಕ್ಕೆ ಏಳನೇ ಮೂರು ಭಾಗವನ್ನು ಸೇರಿಸಿದರೆ ಏಳನೇ ಐದು ಭಾಗ. ಹೆಸರು ಒಂದೇ ಆಗಿರುವುದರಿಂದ ಎಣಿಕೆಗಳನ್ನು ಮಾತ್ರ ಕೂಡಿದೆವು: 2/7 + 3/7 = 5/7. ಹೆಸರು ಬೇರೆ ಬೇರೆಯಾದಾಗ ಎಣಿಕೆಗಳನ್ನು ಕೂಡುವುದಕ್ಕೆ ಅರ್ಥವಿಲ್ಲ. ಎರಡು ಮೀಟರಿಗೆ ಮೂರು ಸೆಂಟಿಮೀಟರ್ ಸೇರಿಸಿ ಐದು ಎಂದು ಯಾರೂ ಹೇಳುವುದಿಲ್ಲ. ಮೊದಲು ಎಲ್ಲವನ್ನೂ ಸೆಂಟಿಮೀಟರಿಗೆ ತರುತ್ತಾರೆ. ಛೇದ ಸಮಗೊಳಿಸುವುದು ಎಂದರೆ ಇಷ್ಟೆ.

ಅರ್ಧಕ್ಕೆ ಮೂರನೇ ಒಂದನ್ನು ಕೂಡುವ ಲೆಕ್ಕವನ್ನು ಗಡಿಯಾರದಲ್ಲಿ ನೋಡಬಹುದು. ಅರ್ಧ ಗಂಟೆ ಎಂದರೆ 30 ನಿಮಿಷ, ಗಂಟೆಯ ಮೂರನೇ ಒಂದು ಭಾಗ ಎಂದರೆ 20 ನಿಮಿಷ, ಒಟ್ಟು 50 ನಿಮಿಷ. ಅದು ಗಂಟೆಯ 50/60, ಅಂದರೆ 5/6 ಭಾಗ. ಇಲ್ಲಿ ನಿಮಿಷವೇ ಎರಡಕ್ಕೂ ಹೊಂದುವ ತುಂಡು, ಗಂಟೆಯ ಅರವತ್ತನೇ ಭಾಗ. 60ನ್ನು 2, 3, 4, 5, 6, 10, 12, 15, 20, 30 ಎಲ್ಲವೂ ಶೇಷವಿಲ್ಲದೆ ಭಾಗಿಸುತ್ತವೆ. ಪ್ರಾಚೀನ ಬ್ಯಾಬಿಲೋನಿಯದವರು ಅರವತ್ತರ ಆಧಾರದಲ್ಲಿ ಎಣಿಸುತ್ತಿದ್ದುದರ ಗುರುತು ನಮ್ಮ ಗಡಿಯಾರದಲ್ಲಿ ಇನ್ನೂ ಉಳಿದಿದೆ, ಭಿನ್ನರಾಶಿಗಳ ಮಟ್ಟಿಗೆ ಅದು ಬಹಳ ಅನುಕೂಲದ ಸಂಖ್ಯೆ.

ಅತ್ಯಂತ ಸಾಮಾನ್ಯವಾದ ತಪ್ಪೆಂದರೆ ಅಂಶಕ್ಕೆ ಅಂಶವನ್ನೂ ಛೇದಕ್ಕೆ ಛೇದವನ್ನೂ ಕೂಡಿ 1/2 + 1/3 = 2/5 ಎಂದು ಬರೆಯುವುದು. 2/5 ಅರ್ಧಕ್ಕಿಂತಲೂ ಕಡಿಮೆ. ಅರ್ಧಕ್ಕೆ ಏನನ್ನೋ ಸೇರಿಸಿದ ಮೇಲೆ ಅದು ಅರ್ಧಕ್ಕಿಂತ ಕಡಿಮೆಯಾಗುವುದು ಹೇಗೆ? ಆದರೂ ಈ ತಪ್ಪು ಮತ್ತೆ ಮತ್ತೆ ಆಗುವುದಕ್ಕೆ ಒಂದು ಕಾರಣವಿದೆ, ಅದನ್ನು ಬಿಡಿಸಿ ಹೇಳದೆ ಬರೀ ತಪ್ಪೆಂದು ಗೆರೆ ಎಳೆದರೆ ಪ್ರಯೋಜನವಿಲ್ಲ ಎಂಬುದು ನನ್ನ ಅಭಿಪ್ರಾಯ. ಒಬ್ಬ ವಿದ್ಯಾರ್ಥಿ ಮೊದಲ ಸುತ್ತಿನ 5 ಪ್ರಶ್ನೆಗಳಲ್ಲಿ 3ಕ್ಕೆ, ಎರಡನೇ ಸುತ್ತಿನ 7 ಪ್ರಶ್ನೆಗಳಲ್ಲಿ 4ಕ್ಕೆ ಸರಿಯುತ್ತರ ಬರೆದರೆ ಒಟ್ಟು 12ರಲ್ಲಿ 7 ಸರಿ. ಇಲ್ಲಿ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿದ್ದು ಸರಿಯಾಗಿಯೇ ಇದೆ. ಆದರೆ ಅಲ್ಲಿ 5 ಪ್ರಶ್ನೆಗಳ ಒಂದು ಇಡಿ, 7 ಪ್ರಶ್ನೆಗಳ ಇನ್ನೊಂದು ಇಡಿ, ಕೊನೆಗೆ 12 ಪ್ರಶ್ನೆಗಳ ಹೊಸದೇ ಇಡಿ. ಇಡಿಯೇ ಬದಲಾಗುತ್ತ ಹೋಯಿತು. ಭಿನ್ನರಾಶಿಗಳನ್ನು ಕೂಡುವಾಗ ಎರಡೂ ಒಂದೇ ಅಳತೆಯ ಇಡಿಯ ಪಾಲುಗಳಾಗಿರುತ್ತವೆ. 3/5 + 4/7 ಎಂಬ ಮೊತ್ತ 21/35 + 20/35, ಅಂದರೆ 41/35. ಅದು ಒಂದನ್ನೂ ಮೀರಿದ ಸಂಖ್ಯೆ. 'ಒಟ್ಟು ಪ್ರಶ್ನೆಗಳಲ್ಲಿ ಎಷ್ಟು ಸರಿ' ಎಂಬುದು ಬೇರೆಯೇ ಪ್ರಶ್ನೆ.

ಈಗ ಮೊದಲು ಹೇಳಿದ 5/12 + 7/18ನ್ನು ಮಾಡೋಣ. ಹನ್ನೆರಡನೇ ಭಾಗಕ್ಕೂ ಹದಿನೆಂಟನೇ ಭಾಗಕ್ಕೂ ಹೊಂದುವ ಚಿಕ್ಕ ತುಂಡೊಂದು ಬೇಕು, ಅಂದರೆ 12 ಮತ್ತು 18 ಎರಡರಿಂದಲೂ ಭಾಗವಾಗುವ ಸಂಖ್ಯೆ ಬೇಕು. ಅಂಥವುಗಳಲ್ಲಿ ಅತಿ ಚಿಕ್ಕದು ಲಘುತಮ ಸಾಮಾನ್ಯ ಅಪವರ್ತ್ಯ, ಅಂದರೆ ಲ.ಸಾ.ಅ. ಅವಿಭಾಜ್ಯ ಸಂಖ್ಯೆಗಳಾಗಿ ಬಿಡಿಸಿದರೆ 12 = 2 × 2 × 3, 18 = 2 × 3 × 3. ಎರಡನ್ನು ಹೆಚ್ಚೆಂದರೆ ಎರಡು ಬಾರಿ, ಮೂರನ್ನು ಹೆಚ್ಚೆಂದರೆ ಎರಡು ಬಾರಿ ಬಳಸಲಾಗಿದೆ, ಹಾಗಾಗಿ ಲ.ಸಾ.ಅ. 2 × 2 × 3 × 3 = 36. ಹನ್ನೆರಡನ್ನು ಮೂವತ್ತಾರು ಮಾಡಲು ಮೂರರಿಂದ ಗುಣಿಸಬೇಕು, ಆದ್ದರಿಂದ 5/12 = 15/36. ಹದಿನೆಂಟನ್ನು ಮೂವತ್ತಾರು ಮಾಡಲು ಎರಡರಿಂದ ಗುಣಿಸಬೇಕು, ಆದ್ದರಿಂದ 7/18 = 14/36. ಮೊತ್ತ 29/36.

ಲ.ಸಾ.ಅ. ಹೊಳೆಯದಿದ್ದರೆ ಛೇದಗಳನ್ನು ಒಂದಕ್ಕೊಂದು ಗುಣಿಸಿಬಿಟ್ಟರೂ ತಪ್ಪಿಲ್ಲ. 12 × 18 = 216; 90/216 + 84/216 = 174/216; ಆರರಿಂದ ಸಂಕ್ಷೇಪಿಸಿದರೆ ಅದೇ 29/36. ಛೇದಗಳು 3, 4, 5ರಂತೆ ಚಿಕ್ಕವಾಗಿದ್ದರೆ ನಾನೂ ಹೀಗೆಯೇ ಮಾಡುತ್ತೇನೆ. ಆದರೆ ಮೂರು ನಾಲ್ಕು ಭಿನ್ನರಾಶಿಗಳು ಸಾಲಾಗಿ ಬಂದಾಗ ಈ ಗುಣಲಬ್ಧ ಬೇಗ ಬೆಳೆದು ಲೆಕ್ಕ ಕೈಮೀರುತ್ತದೆ. 1/6 + 3/8 + 5/12ರಲ್ಲಿ ಛೇದಗಳ ಗುಣಲಬ್ಧ 576, ಲ.ಸಾ.ಅ. 24 ಮಾತ್ರ; 4/24 + 9/24 + 10/24 = 23/24 ಎಂದು ಒಂದೇ ಸಾಲಿನಲ್ಲಿ ಮುಗಿಯುತ್ತದೆ. 9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಗಣಿತಜ್ಞ ಮಹಾವೀರಾಚಾರ್ಯರು ಈ ಲ.ಸಾ.ಅ.ಗೆ 'ನಿರುದ್ಧ' ಎಂಬ ಹೆಸರಿಟ್ಟು, ಭಿನ್ನರಾಶಿಗಳ ಛೇದಗಳನ್ನು ಸಮಗೊಳಿಸಲು ಅದನ್ನೇ ಬಳಸಿದ್ದರು.

ಕಳೆಯುವುದು

ಕಳೆಯುವ ಕ್ರಮದಲ್ಲಿ ಹೊಸದೇನೂ ಇಲ್ಲ, ಛೇದ ಸಮಗೊಳಿಸಿ ಅಂಶಗಳನ್ನು ಕಳೆದರಾಯಿತು. ತೊಡಕು ಬರುವುದು ಮಿಶ್ರ ಭಿನ್ನರಾಶಿಗಳಲ್ಲಿ ಮಾತ್ರ. 5 ಮತ್ತು 1/4ರಿಂದ 2 ಮತ್ತು 2/3ನ್ನು ಕಳೆಯಬೇಕೆಂದುಕೊಳ್ಳಿ. ಛೇದಗಳನ್ನು 12ಕ್ಕೆ ತಂದರೆ 5 ಮತ್ತು 3/12ರಿಂದ 2 ಮತ್ತು 8/12 ಕಳೆಯಬೇಕು. ಮೂರರಲ್ಲಿ ಎಂಟು ಹೋಗುವುದಿಲ್ಲ, ಆದ್ದರಿಂದ ಐದರಿಂದ ಒಂದನ್ನು ಸಾಲ ಪಡೆಯಬೇಕು. ಇಲ್ಲಿ ಎಚ್ಚರ ಬೇಕು: ಪೂರ್ಣಸಂಖ್ಯೆಗಳಲ್ಲಿ ಸಾಲ ಪಡೆದಾಗ ಹತ್ತು ಸಿಗುತ್ತಿತ್ತು, ಆ ರೂಢಿಯಲ್ಲಿ ಇಲ್ಲಿಯೂ ಮೂರನ್ನು ಹದಿಮೂರು ಮಾಡಿಬಿಡುವವರಿದ್ದಾರೆ. ಇಲ್ಲಿ ಒಂದು ಎಂದರೆ ಹನ್ನೆರಡು ಹನ್ನೆರಡನೇ ಭಾಗಗಳು, ಹಾಗಾಗಿ ಸಿಗುವುದು ಹನ್ನೆರಡು. 5 ಮತ್ತು 3/12 ಎಂಬುದು 4 ಮತ್ತು 15/12 ಆಗುತ್ತದೆ. ಅದರಿಂದ 2 ಮತ್ತು 8/12 ಹೋದರೆ ಉಳಿಯುವುದು 2 ಮತ್ತು 7/12. ಸಾಲದ ಗೊಡವೆಯೇ ಬೇಡವೆಂದರೆ ಎರಡನ್ನೂ ವಿಷಮ ಭಿನ್ನರಾಶಿ ಮಾಡಿ 63/12 − 32/12 = 31/12 ಎಂದೂ ಬರೆಯಬಹುದು. ಉತ್ತರವನ್ನು ಕಳೆದ ಸಂಖ್ಯೆಗೆ ಮರಳಿ ಕೂಡಿ ಮೊದಲಿನದು ಬರುತ್ತದೆಯೇ ಎಂದು ನೋಡಲು ಅರೆನಿಮಿಷವೂ ಬೇಕಾಗುವುದಿಲ್ಲ.

ಗುಣಿಸುವುದು

ಭಿನ್ನರಾಶಿಗಳ ಗುಣಾಕಾರವನ್ನು ಕನ್ನಡದಲ್ಲಿ ಷಷ್ಠಿ ವಿಭಕ್ತಿಯೇ ಹೇಳುತ್ತದೆ. 'ಅರ್ಧದ ಅರ್ಧ ಕಾಲು' ಎನ್ನುವಾಗ 1/2 × 1/2 = 1/4 ಎಂದೇ ಹೇಳಿದಂತಾಯಿತು. ಲೆಕ್ಕದ ಮಾತಿನಲ್ಲಿ ಒಂದು ಭಿನ್ನರಾಶಿ ಮತ್ತೊಂದರ 'ಅದರ', 'ಇದರ', 'ಉಳಿದುದರ' ಭಾಗವಾಗಿ ಬಂದರೆ ಅಲ್ಲಿ ಗುಣಿಸಬೇಕು.

ಆಯತಾಕಾರದ ಹಾಳೆಯೊಂದನ್ನು ಉದ್ದುದ್ದವಾಗಿ ಮೂರು ಸಮಪಾಲಾಗಿ ಮಡಚಿ, ಬಿಚ್ಚಿ, ಎರಡು ಪಾಲುಗಳ ಮೇಲೆ ಓರೆಗೆರೆಗಳನ್ನು ಎಳೆಯಿರಿ. ಅದೇ ಹಾಳೆಯನ್ನು ಅಡ್ಡಡ್ಡವಾಗಿ ನಾಲ್ಕು ಸಮಪಾಲಾಗಿ ಮಡಚಿ, ಬಿಚ್ಚಿ, ಮೂರು ಪಾಲುಗಳ ಮೇಲೆ ಇನ್ನೊಂದು ದಿಕ್ಕಿನ ಓರೆಗೆರೆಗಳನ್ನು ಎಳೆಯಿರಿ. ಹಾಳೆಯಲ್ಲಿ ಈಗ 3 × 4 = 12 ಮನೆಗಳಿವೆ; ಎರಡೂ ದಿಕ್ಕಿನ ಗೆರೆಗಳು ಬಿದ್ದಿರುವ ಮನೆಗಳು 2 × 3 = 6. ಮುಕ್ಕಾಲರ ಮೂರನೇ ಎರಡು ಭಾಗ 6/12, ಅಂದರೆ ಅರ್ಧ. ಛೇದಗಳನ್ನು ಗುಣಿಸಿದಾಗ ಒಟ್ಟು ಮನೆಗಳು, ಅಂಶಗಳನ್ನು ಗುಣಿಸಿದಾಗ ಬೇಕಾದ ಮನೆಗಳು ಸಿಗುತ್ತವೆ. ಎರಡು ದಿಕ್ಕಿನ ಕತ್ತರಿಕೆಗಳು ಸೇರಿ ಹೊಸ ತುಂಡನ್ನು ತಾವೇ ಮಾಡಿಕೊಳ್ಳುವುದರಿಂದ ಇಲ್ಲಿ ಛೇದ ಸಮಗೊಳಿಸುವ ಅಗತ್ಯ ಬೀಳುವುದಿಲ್ಲ.

ಗುಣಿಸಿದ ಮೇಲೆ ಸಂಕ್ಷೇಪಿಸುವುದಕ್ಕಿಂತ ಗುಣಿಸುವ ಮೊದಲೇ ಸಂಕ್ಷೇಪಿಸುವುದು ಜಾಣತನ. 14/15 × 25/28ರಲ್ಲಿ ಮೇಲಿನ 14ಕ್ಕೂ ಕೆಳಗಿನ 28ಕ್ಕೂ ಹದಿನಾಲ್ಕು ಸಾಮಾನ್ಯ, ಮೇಲಿನ 25ಕ್ಕೂ ಕೆಳಗಿನ 15ಕ್ಕೂ ಐದು ಸಾಮಾನ್ಯ. ಹೊಡೆದುಹಾಕಿದ ಮೇಲೆ ಉಳಿಯುವುದು 1/3 × 5/2, ಅಂದರೆ 5/6. ಮೊದಲೇ ಗುಣಿಸಿದ್ದರೆ 350/420ರ ಜೊತೆ ಗುದ್ದಾಡಬೇಕಿತ್ತು. ಈ ಅನುಕೂಲ ಗುಣಾಕಾರಕ್ಕೆ ಮಾತ್ರ ಮೀಸಲು. ನಡುವೆ ಕೂಡುವ ಅಥವಾ ಕಳೆಯುವ ಚಿಹ್ನೆ ಇದ್ದರೆ ಒಂದರ ಅಂಶವನ್ನು ಇನ್ನೊಂದರ ಛೇದದೊಡನೆ ಹೊಡೆಯುವಂತಿಲ್ಲ.

ಮಿಶ್ರ ಭಿನ್ನರಾಶಿಗಳನ್ನು ಗುಣಿಸುವ ಮೊದಲು ವಿಷಮವಾಗಿಸಿಕೊಳ್ಳಲೇಬೇಕು. ಎರಡೂವರೆಯನ್ನು ಮೂರೂವರೆಯಿಂದ ಗುಣಿಸುವಾಗ ಎರಡು ಮೂರಲೆ ಆರು, ಅರ್ಧದ ಅರ್ಧ ಕಾಲು, ಒಟ್ಟು ಆರೂಕಾಲು ಎಂದು ಹೇಳಿಬಿಡುವುದು ಸುಲಭ. ಸರಿಯಾದ ಉತ್ತರ 5/2 × 7/2 = 35/4, ಅಂದರೆ ಎಂಟೂಮುಕ್ಕಾಲು. ಮೊದಲಿನ ಉತ್ತರ ಎರಡೂವರೆಯಷ್ಟು ಕಡಿಮೆ ಬಿದ್ದದ್ದು ಹೇಗೆಂದರೆ, ಎರಡರ ಅರ್ಧವಾದ ಒಂದನ್ನೂ ಮೂರರ ಅರ್ಧವಾದ ಒಂದೂವರೆಯನ್ನೂ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

'ಒಟ್ಟರ' ಮತ್ತು 'ಉಳಿದುದರ' ಎಂಬ ಎರಡು ಪದಗಳ ನಡುವೆ ಎಡವುವವರೂ ಕಡಿಮೆಯಿಲ್ಲ. 240 ಪುಟಗಳ ಪುಸ್ತಕದಲ್ಲಿ ಮೊದಲ ದಿನ ಕಾಲು ಭಾಗವನ್ನೂ, ಎರಡನೇ ದಿನ ಉಳಿದುದರ ಮೂರನೇ ಎರಡು ಭಾಗವನ್ನೂ ಓದಿದರೆ ಎಷ್ಟು ಉಳಿಯಿತು? 1/4ಕ್ಕೆ 2/3ನ್ನು ನೇರವಾಗಿ ಕೂಡುವುದು ತಪ್ಪು, ಏಕೆಂದರೆ ಆ 2/3 ಇಡೀ ಪುಸ್ತಕದ ಪಾಲಲ್ಲ, ಮುಕ್ಕಾಲು ಪುಸ್ತಕದ ಪಾಲು. ಮೊದಲ ದಿನದ ನಂತರ ಉಳಿದದ್ದು 3/4, ಎರಡನೇ ದಿನದ ನಂತರ ಉಳಿದದ್ದು ಅದರ 1/3; 3/4 × 1/3 = 1/4, ಅಂದರೆ 60 ಪುಟ.

ಭಾಗಿಸುವುದು

ಭಾಗಾಕಾರವೇ ಹೆಚ್ಚು ಜನರನ್ನು ಕಾಡುವುದು. ನಿಯಮ ಕಷ್ಟದ್ದಾಗಿರುವುದರಿಂದಲ್ಲ, ಅದು ಮಂತ್ರದಂತೆ ಕೇಳಿಸುವುದರಿಂದ. 'ಭಾಜಕವನ್ನು ತಲೆಕೆಳಗು ಮಾಡಿ ಗುಣಿಸು' ಎಂದರೆ ಯಾಕೆ ಎಂಬ ಪ್ರಶ್ನೆ ಏಳಲೇಬೇಕು. ಭಾಗಿಸುವುದು ಎಂದರೆ 'ಇದರಲ್ಲಿ ಅದು ಎಷ್ಟು ಬಾರಿ ಹಿಡಿಯುತ್ತದೆ' ಎಂದು ಕೇಳುವುದು ಎಂಬಲ್ಲಿಂದ ಹೊರಡೋಣ. ಮುಕ್ಕಾಲರಲ್ಲಿ ಎಂಟನೇ ಒಂದು ಎಷ್ಟು ಬಾರಿ ಹಿಡಿಯುತ್ತದೆ? 3/4 ಎಂದರೆ 6/8, ಆದ್ದರಿಂದ ಆರು ಬಾರಿ. 3/4 ÷ 1/8 = 6. ಒಂದಕ್ಕಿಂತ ಚಿಕ್ಕದರಿಂದ ಭಾಗಿಸಿದಾಗ ಉತ್ತರ ದೊಡ್ಡದಾಗುವುದನ್ನು ಕಂಡು ಗಾಬರಿಯಾಗಬೇಕಿಲ್ಲ; ಅಳೆಯುವ ತುಂಡು ಚಿಕ್ಕದಾದಷ್ಟೂ ಅದು ಹೆಚ್ಚು ಬಾರಿ ಹಿಡಿಯುತ್ತದೆ.

ಈಗ 3/4 ÷ 2/5. ಎರಡನ್ನೂ ಇಪ್ಪತ್ತನೇ ಭಾಗಗಳಲ್ಲಿ ಹೇಳಿದರೆ 15/20 ÷ 8/20. ಹೆಸರು ಒಂದಾದ ಮೇಲೆ ಪ್ರಶ್ನೆ ಸರಳವಾಯಿತು: ಹದಿನೈದು ತುಂಡುಗಳಲ್ಲಿ ಎಂಟು ತುಂಡುಗಳು ಎಷ್ಟು ಬಾರಿ ಹಿಡಿಯುತ್ತವೆ? 15 ÷ 8, ಅಂದರೆ 15/8. ಛೇದವಾದ 20 ತನ್ನ ಕೆಲಸ ಮುಗಿಸಿ ಮರೆಯಾಯಿತು. ಈ 15 ಮತ್ತು 8 ಬಂದದ್ದು ಎಲ್ಲಿಂದ ಎಂದು ನೋಡಿ: 15 ಎಂದರೆ ಮೊದಲಿನ ಅಂಶ 3ನ್ನು ಎರಡನೆಯದರ ಛೇದ 5ರಿಂದ ಗುಣಿಸಿದ್ದು, 8 ಎಂದರೆ ಎರಡನೆಯದರ ಅಂಶ 2ನ್ನು ಮೊದಲಿನ ಛೇದ 4ರಿಂದ ಗುಣಿಸಿದ್ದು. 3/4 × 5/2 ಮಾಡಿದರೂ ಇದೇ ಗುಣಾಕಾರಗಳು. ತಲೆಕೆಳಗಾಗಿಸುವ ನಿಯಮವು ಛೇದ ಸಮಗೊಳಿಸುವ ಕೆಲಸದ ಚುಟುಕು ರೂಪವೇ ಹೊರತು ಬೇರೆಯಲ್ಲ. ಪ್ರಾಚೀನ ಭಾರತದ ಗಣಿತಜ್ಞ ಬ್ರಹ್ಮಗುಪ್ತರು ಕ್ರಿ.ಶ. 628ರಲ್ಲಿಯೇ ಈ ನಿಯಮವನ್ನು, ಭಾಜಕದ ಅಂಶ ಛೇದಗಳನ್ನು ಅದಲುಬದಲು ಮಾಡಿ ಗುಣಿಸಬೇಕೆಂದು, ಹೇಳಿದ್ದಾರೆ. ಹೀಗೆ ಅದಲುಬದಲಾದ ರೂಪಕ್ಕೆ ವ್ಯುತ್ಕ್ರಮ ಎಂದು ಹೆಸರು. 2/5ರ ವ್ಯುತ್ಕ್ರಮ 5/2. ತಿರುಗಿಸಬೇಕಾದದ್ದು ಭಾಜಕವನ್ನು ಮಾತ್ರ, ಮೊದಲಿನದನ್ನು ಮುಟ್ಟಬಾರದು. ಯಾವುದನ್ನು ತಿರುಗಿಸಬೇಕೆಂದು ಅನುಮಾನ ಬಂದರೆ 6 ÷ 2ನ್ನು ನೆನೆಯಿರಿ: 6 × 1/2 ಮಾಡಿದರೆ 3 ಬರುತ್ತದೆ, 1/6 × 2 ಮಾಡಿದರೆ ಬರುವುದಿಲ್ಲ.

ಭಾಗಿಸಿದ ಮೇಲೆ ಉಳಿಯುವ ಭಿನ್ನರಾಶಿ ಯಾವುದರ ಪಾಲು ಎಂಬುದು ಇನ್ನೊಂದು ಸೂಕ್ಷ್ಮ. ಎರಡೂವರೆ ಮೀಟರ್ ಉದ್ದದ ಹಲಗೆಯನ್ನು ಮುಕ್ಕಾಲು ಮೀಟರಿನ ತುಂಡುಗಳಾಗಿ ಕೊಯ್ಯಬೇಕಾಗಿದೆ. 5/2 ÷ 3/4 = 5/2 × 4/3 = 10/3, ಅಂದರೆ 3 ಮತ್ತು 1/3. ಹಾಗಾದರೆ ಮೂರು ತುಂಡು ಕೊಯ್ದ ಮೇಲೆ ಮೀಟರಿನ ಮೂರನೇ ಒಂದು ಭಾಗ ಉಳಿಯುತ್ತದೆಯೇ? ಅಳೆದು ನೋಡಿದರೆ ಉಳಿದಿರುವುದು ಕಾಲು ಮೀಟರ್. ಮೂರು ತುಂಡುಗಳಿಗೆ 9/4 ಮೀಟರ್ ಹೋಯಿತು, 10/4ರಲ್ಲಿ 9/4 ಕಳೆದರೆ 1/4. ಲೆಕ್ಕದಲ್ಲಿ ಬಂದ 1/3 ಮೀಟರಿನದಲ್ಲ, ತುಂಡಿನದು. ಮುಕ್ಕಾಲು ಮೀಟರಿನ ಮೂರನೇ ಒಂದು ಭಾಗ ಕಾಲು ಮೀಟರೇ. ಉತ್ತರ ಬರೆಯುವಾಗ ಭಿನ್ನರಾಶಿಯ ಮುಂದೆ ಅದು ಯಾವುದರ ಭಾಗ ಎಂದು ಬರೆದಿಡುವ ರೂಢಿ ಇದ್ದರೆ ಈ ತಪ್ಪು ಆಗುವುದಿಲ್ಲ.

ದಶಮಾಂಶ ಮತ್ತು ಕ್ಯಾಲ್ಕುಲೇಟರ್

3/8ನ್ನು 0.375 ಎಂದು ಬರೆದರೆ ಏನೂ ಕಳೆದುಹೋಗುವುದಿಲ್ಲ. ಸಂಕ್ಷಿಪ್ತ ರೂಪದ ಛೇದವನ್ನು ಬಿಡಿಸಿದಾಗ 2 ಮತ್ತು 5 ಬಿಟ್ಟು ಬೇರೆ ಅವಿಭಾಜ್ಯ ಸಂಖ್ಯೆ ಇಲ್ಲದಿದ್ದರೆ ದಶಮಾಂಶ ಒಂದು ಕಡೆ ನಿಲ್ಲುತ್ತದೆ. ಇದ್ದರೆ ನಿಲ್ಲುವುದಿಲ್ಲ, 1/7ರಲ್ಲಿ 142857 ಎಂಬ ಆರು ಅಂಕಿಗಳು ಕೊನೆಯಿಲ್ಲದೆ ಮರುಕಳಿಸುತ್ತವೆ. 1/3ನ್ನು 0.33 ಎಂದು ತುಂಡರಿಸಿ ಮೂರರಿಂದ ಗುಣಿಸಿದರೆ ಒಂದರ ಬದಲು 0.99 ಬರುತ್ತದೆ. ಆದ್ದರಿಂದ ಕೊನೆಯ ಹೆಜ್ಜೆಯವರೆಗೆ ಭಿನ್ನರಾಶಿಯಲ್ಲಿಯೇ ಇದ್ದು, ಬೇಕೆನಿಸಿದರೆ ಉತ್ತರವನ್ನು ಮಾತ್ರ ದಶಮಾಂಶಕ್ಕೆ ತರುವುದು ಲೇಸು.

ಕ್ಯಾಲ್ಕುಲೇಟರಿನಲ್ಲಿ 3/4 ÷ 2/5ನ್ನು ಆವರಣಗಳಿಲ್ಲದೆ 3 ÷ 4 ÷ 2 ÷ 5 ಎಂದು ಒತ್ತಿದರೆ 0.075 ಬರುತ್ತದೆ, ಬರಬೇಕಾದದ್ದು 1.875. ಯಂತ್ರ ಎಡದಿಂದ ಬಲಕ್ಕೆ ಒಂದೊಂದಾಗಿ ಭಾಗಿಸುತ್ತ ಹೋಗುತ್ತದೆ, 2/5 ಒಂದೇ ಸಂಖ್ಯೆ ಎಂದು ಅದಕ್ಕೆ ಆವರಣ ಹಾಕಿಯೇ ತಿಳಿಸಬೇಕು.

ನಾಲ್ಕೂ ಸೇರಿದ ಒಂದು ಲೆಕ್ಕ

ಒಂದು ತೊಟ್ಟಿಯನ್ನು ಮೊದಲನೆಯ ನಲ್ಲಿ ಒಂದೇ 4 ಗಂಟೆಗಳಲ್ಲಿ, ಎರಡನೆಯ ನಲ್ಲಿ ಒಂದೇ 6 ಗಂಟೆಗಳಲ್ಲಿ ತುಂಬಿಸುತ್ತದೆ. ಎರಡನ್ನೂ ಒಟ್ಟಿಗೆ ತೆರೆದರೆ ಎಷ್ಟು ಹೊತ್ತು ಬೇಕು? 4 ಮತ್ತು 6ರ ಸರಾಸರಿ ತೆಗೆದು 5 ಗಂಟೆ ಎನ್ನುವುದು ಸಲ್ಲದು, ಮೊದಲನೆಯದು ಒಂದೇ 4 ಗಂಟೆಗಳಲ್ಲಿ ಮುಗಿಸುವಾಗ ಎರಡೂ ಸೇರಿ ಅದಕ್ಕಿಂತ ತಡ ಮಾಡಲಾರವು. ಒಂದು ಗಂಟೆಯಲ್ಲಿ ಮೊದಲನೆಯದು ತೊಟ್ಟಿಯ 1/4 ಭಾಗವನ್ನು, ಎರಡನೆಯದು 1/6 ಭಾಗವನ್ನು ತುಂಬಿಸುತ್ತದೆ. ಎರಡೂ ಸೇರಿ 3/12 + 2/12 = 5/12. ಇಡೀ ತೊಟ್ಟಿಯಲ್ಲಿ ಈ 5/12 ಎಷ್ಟು ಬಾರಿ ಹಿಡಿಯುತ್ತದೆಯೋ ಅಷ್ಟು ಗಂಟೆ ಬೇಕು: 1 ÷ 5/12 = 12/5, ಅಂದರೆ 2 ಮತ್ತು 2/5 ಗಂಟೆ. ಗಂಟೆಯ 2/5 ಭಾಗ 60 × 2/5 = 24 ನಿಮಿಷ, ಉತ್ತರ 2 ಗಂಟೆ 24 ನಿಮಿಷ.

ತಾಳೆ ನೋಡುವುದು ಹೀಗೆ: 12/5 ಗಂಟೆಗಳಲ್ಲಿ ಮೊದಲನೆಯ ನಲ್ಲಿ ತುಂಬಿಸಿದ್ದು 12/5 × 1/4 = 3/5 ತೊಟ್ಟಿ, ಎರಡನೆಯದು ತುಂಬಿಸಿದ್ದು 12/5 × 1/6 = 2/5 ತೊಟ್ಟಿ. 1ರಿಂದ 3/5ನ್ನು ಕಳೆದರೆ ಉಳಿಯುವುದು 2/5, ಎರಡನೆಯ ನಲ್ಲಿಯ ಪಾಲು ಸರಿಯಾಗಿ ಅಷ್ಟೇ ಇದೆ.